ದಾವಣಗೆರೆಯ ಬೇಸಿಗೆ ರಜೆಗೆ ಕೆರಿಬಿಯನ್‌ನ ಯಾವ ಶಾಂತ ದ್ವೀಪ?

ಕೆರಿಬಿಯನ್ ಅಂತ ಹುಡುಕಿದರೆ ಮೊದಲು ಸಿಗುವ ಬುದ್ಧಿಮಾತು, "ಬೇಸಿಗೆಯಲ್ಲಿ ಹೋಗಬೇಡಿ, ಚಂಡಮಾರುತದ ಕಾಲ" ಎನ್ನುವುದು. ಬರೆದವರದು ಸುಳ್ಳಲ್ಲ. ಆದರೆ ಅವರ ಬೇಸಿಗೆ ಜೂನ್‌ನಿಂದ ಆಗಸ್ಟ್. ನಮ್ಮಲ್ಲಿ ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚಿ ಮೇ ಕೊನೆಗೆ ತೆರೆಯುತ್ತದೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ, ಅದರ ಜೋರೆಲ್ಲ ಆಗಸ್ಟ್ ನಡುವಿನಿಂದ ಅಕ್ಟೋಬರ್ ತನಕ. ಹೋಟೆಲುಗಳು ದುಬಾರಿ ದರ ಹಾಕುವುದು ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನ ತನಕ, ಯುರೋಪು-ಅಮೆರಿಕದವರು ಚಳಿಗೆ ಓಡಿ ಬರುವ ತಿಂಗಳುಗಳಲ್ಲಿ. ಈ ಎರಡರ ನಡುವೆ ಆರು ವಾರದ ಸಂದು ಇದೆ. ದರ ಇಳಿದಿರುತ್ತದೆ, ಜನ ಕಡಿಮೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ನಮ್ಮ ಮಕ್ಕಳ ರಜೆ ಬಂದು ಕೂರುವುದು ಸರಿಯಾಗಿ ಅದರೊಳಗೆ.

ಏನೋ ಕಾರಣಕ್ಕೆ ಪ್ರಯಾಣ ಜುಲೈಗೆ ಜಾರಿದರೆ ಲೆಕ್ಕ ಬೇರೆ. 2024ರ ಜುಲೈ 1ರಂದೇ ಬೆರಿಲ್ ಚಂಡಮಾರುತ ಗ್ರೆನೇಡಾದ ಕ್ಯಾರಿಯಕೂ ದ್ವೀಪವನ್ನು ಹೊಡೆದು, ಮನೆಗಳ ಚಾವಣಿ ಕಿತ್ತುಹಾಕಿತು. ಆಗ ಹೋಗಲೇಬೇಕಿದ್ದರೆ ಚಂಡಮಾರುತದ ಮಾಮೂಲಿ ಹಾದಿಗಿಂತ ದಕ್ಷಿಣಕ್ಕಿರುವ ಟೊಬೇಗೊ ಅಥವಾ ಬೊನೇರ್ ನೋಡಿ.

ಬಿಸಿಲಿನ ಬಗ್ಗೆ ಒಂದು ಮಾತು. ಭೂಪಟದಲ್ಲಿ ದಾವಣಗೆರೆಯಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಮಾರ್ಟಿನಿಕ್ ದ್ವೀಪದ ದಕ್ಷಿಣ ಭಾಗದ ಮೇಲೆ ಹಾಯುತ್ತದೆ. ಚಿತ್ರದುರ್ಗದಿಂದ ಎಳೆದರೆ ಮಾರ್ಟಿನಿಕ್ ಮತ್ತು ಸೇಂಟ್ ಲೂಸಿಯಾ ನಡುವಿನ ಕಡಲಿಗೆ ಬೀಳುತ್ತದೆ. ಎರಡೂ ಕಡೆ ಸೂರ್ಯ ನಡುನೆತ್ತಿಗೆ ಬರುವುದು ಏಪ್ರಿಲ್ ಕೊನೆಯಲ್ಲೇ. ವ್ಯತ್ಯಾಸ ಇರುವುದು ಗಾಳಿಯಲ್ಲಿ: ನಮ್ಮಲ್ಲಿ 38-39 ಡಿಗ್ರಿ, ಅಲ್ಲಿ ಪೂರ್ವದ ವಾಣಿಜ್ಯ ಮಾರುತ ಬೀಸುತ್ತ 30ರ ಆಸುಪಾಸು. ತಂಪೆನಿಸುತ್ತದೆ, ಮೋಸ ಹೋಗುವುದೂ ಅಲ್ಲೇ. ಗಾಳಿಗೆ ಬೆವರು ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಸುಡುತ್ತಿರುತ್ತದೆ. ಹತ್ತರಿಂದ ಮೂರರ ತನಕ ನೆರಳು, ಮಕ್ಕಳಿಗೆ ತುಂಬು ತೋಳಿನ ಈಜುಡುಗೆ.

ಇನ್ನು ದ್ವೀಪ ಶಾಂತವೋ ಅಲ್ಲವೋ ಎಂದು ಫೋಟೋ ನೋಡಿ ತಿಳಿಯಲಾಗದು. ನೋಡಬೇಕಾದ್ದು ಎರಡು: ರನ್‌ವೇ ಮತ್ತು ಹಡಗುಕಟ್ಟೆ. ದೊಡ್ಡ ಜೆಟ್ ಇಳಿಯದ, ಸಾವಿರಾರು ಜನರ ಕ್ರೂಸ್ ಹಡಗು ಕಟ್ಟಲಾಗದ ಊರು ತಾನೇ ಶಾಂತವಾಗಿರುತ್ತದೆ. ಕ್ರೂಸ್ ಹಡಗು ಬರುವ ದಿನಗಳ ಪಟ್ಟಿ ಆಯಾ ಬಂದರಿನ ಹೆಸರು ಹಾಕಿದರೆ ಸಿಗುತ್ತದೆ. ಹಡಗು ನಿಂತ ದಿನ ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಪೇಟೆ ನಮ್ಮ ಜಾತ್ರೆಯೇ. ಈಸ್ಟರ್ ವಾರವೂ ಹಾಗೆ. ಬೆಕ್ವೇ ದ್ವೀಪದಲ್ಲಿ ಆಗ ದೋಣಿ ಪಂದ್ಯ ನಡೆಯುತ್ತದೆ, ರೂಮು ಸಿಗುವುದೇ ಕಷ್ಟ.

ಈಗ ಎಲ್ಲರೂ ಎಡವುವ ಜಾಗ: ವೀಸಾ. ಭಾರತದ ಪಾಸ್‌ಪೋರ್ಟಿಗೆ ಡೊಮಿನೀಕ, ಗ್ರೆನೇಡಾ, ಸೇಂಟ್ ವಿನ್ಸೆಂಟ್, ಸೇಂಟ್ ಕಿಟ್ಸ್-ನೀವಿಸ್, ಬಾರ್ಬಡೋಸ್, ಟ್ರಿನಿಡಾಡ್-ಟೊಬೇಗೊ ದೇಶಗಳಿಗೆ ಪ್ರವಾಸಿಯಾಗಿ ಹೋಗಲು ಮುಂಚೆ ವೀಸಾ ಬೇಕಿಲ್ಲ. ಹೋಗಿ ಬರುವ ಟಿಕೆಟ್, ಉಳಿಯುವ ವಿಳಾಸ, ಹೊರಡುವ ಮುನ್ನ ತುಂಬುವ ಆನ್‌ಲೈನ್ ಫಾರಂ ಇದ್ದರೆ ಆಯಿತು. ಇದನ್ನು ಓದಿ ಖುಷಿಯಾಗಿ ಟಿಕೆಟ್ ಕೊಂಡುಬಿಡುತ್ತಾರೆ. ಆದರೆ ದ್ವೀಪಕ್ಕೆ ವೀಸಾ ಬೇಡದಿದ್ದರೂ ದಾರಿಗೆ ಬೇಕು. ಬೆಂಗಳೂರಿನಿಂದ ಈ ದ್ವೀಪಗಳಿಗೆ ನೇರ ವಿಮಾನವಿಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ಇಮಿಗ್ರೇಷನ್ ದಾಟಿ, ಬ್ಯಾಗು ಎತ್ತಿಕೊಂಡು, ಮತ್ತೆ ಕೊಡಬೇಕು. ವೀಸಾ ಇಲ್ಲದೆ ಆಗುವ ಮಾತಲ್ಲ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ಕಂಪ್ಯೂಟರ್ ನೋಡಿ ವಾಪಸು ಕಳಿಸುತ್ತಾರೆ.

ಹಾಗಾಗಿ ದ್ವೀಪ ಆರಿಸುವ ಮೊದಲು ಪಾಸ್‌ಪೋರ್ಟ್ ತೆರೆದು ಯಾವ ವೀಸಾ ಇದೆ ನೋಡಿ. ಮಗನೋ ಮಗಳೋ ಅಮೆರಿಕದಲ್ಲಿದ್ದು ಹತ್ತು ವರ್ಷದ ಬಿ-1/ಬಿ-2 ವೀಸಾ ಮಾಡಿಸಿಕೊಂಡ ಅಪ್ಪ-ಅಮ್ಮಂದಿರು ನಮ್ಮೂರಲ್ಲಿ ಬೀದಿಗೊಬ್ಬರಿದ್ದಾರೆ. ಅವರ ದಾರಿ ಸಲೀಸು: ಬೆಂಗಳೂರಿನಿಂದ ದೋಹಾ ಅಥವಾ ದುಬೈ, ಅಲ್ಲಿಂದ ಮಯಾಮಿ, ಮಯಾಮಿಯಿಂದ ಸೇಂಟ್ ವಿನ್ಸೆಂಟ್, ಡೊಮಿನೀಕ, ಸೇಂಟ್ ಕಿಟ್ಸ್ ಎಲ್ಲಕ್ಕೂ ನೇರ ವಿಮಾನ ಹೋಗುತ್ತದೆ. ಮಯಾಮಿಯಲ್ಲಿ ನಡುವೆ ಕನಿಷ್ಠ ಮೂರೂವರೆ ಗಂಟೆ ಬಿಡಿ.

ಅಮೆರಿಕದ ವೀಸಾ ಇಲ್ಲದವರಿಗೆ ಲಂಡನ್ ದಾರಿ. ಬೆಂಗಳೂರಿನಿಂದ ಹೀಥ್ರೂ, ಹೀಥ್ರೂನಿಂದ ಬಾರ್ಬಡೋಸ್, ಅಲ್ಲಿಂದ ಸಣ್ಣ ವಿಮಾನ. ಇಲ್ಲಿ ಗಮನಿಸಬೇಕಾದ್ದು ಬ್ರಿಟನ್ನಿನ ಟ್ರಾನ್ಸಿಟ್ ವೀಸಾದಲ್ಲಿ ಎರಡು ಬಗೆ. ಒಂದು ನಿಲ್ದಾಣದೊಳಗೇ ಇರುವವರಿಗೆ, ಇನ್ನೊಂದು ಗಡಿ ದಾಟಿ ಹೊರಬಂದು 48 ಗಂಟೆಯೊಳಗೆ ಹೊರಡುವವರಿಗೆ. ಕೆರಿಬಿಯನ್‌ಗೆ ಹೋಗುವ ಎಷ್ಟೋ ವಿಮಾನ ಹೊರಡುವುದು ಹೀಥ್ರೂನಿಂದಲ್ಲ, ಗ್ಯಾಟ್‌ವಿಕ್‌ನಿಂದ. ಎರಡರ ನಡುವೆ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲೆ. ಮೊದಲ ಬಗೆಯ ವೀಸಾ ಹಿಡಿದು ಗ್ಯಾಟ್‌ವಿಕ್ ಟಿಕೆಟ್ ಕೊಂಡರೆ ಹೊರಡಲಾಗದು. ಬರುವಾಗಲೂ ಅದೇ ದಾರಿ ತಾನೆ? ಆದ್ದರಿಂದ ಆರು ತಿಂಗಳ ಸಾಮಾನ್ಯ ವಿಸಿಟರ್ ವೀಸಾ ಮಾಡಿಸುವುದೇ ಜಾಣತನ. ಖರ್ಚು ಹೆಚ್ಚಾದರೂ ಒಂದು ರಾತ್ರಿ ಲಂಡನ್ನಿನಲ್ಲಿ ಕಾಲು ಚಾಚಬಹುದು.

ಟಿಕೆಟ್ ಬೇರೆಬೇರೆ ಕೊಂಡಿದ್ದರೆ ಮೊದಲ ವಿಮಾನ ತಡವಾದಾಗ ಎರಡನೆಯವರು ಕಾಯುವುದೂ ಇಲ್ಲ, ಹಣ ಕೊಡುವುದೂ ಇಲ್ಲ. ಬಾರ್ಬಡೋಸ್‌ನಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಸಣ್ಣ ವಿಮಾನದಲ್ಲಿ ಲಗೇಜಿನ ಮಿತಿಯೂ ಸಣ್ಣದು, ಹೆಚ್ಚಾದ ಪೆಟ್ಟಿಗೆ ಮುಂದಿನ ವಿಮಾನಕ್ಕೆ ಬರಬಹುದು. ಒಂದು ಜೊತೆ ಬಟ್ಟೆ, ಮಾತ್ರೆ ಕೈಚೀಲದಲ್ಲಿರಲಿ. ಮನೆ ಬಿಟ್ಟು ದ್ವೀಪ ಮುಟ್ಟುವುದಕ್ಕೆ ಹೆಚ್ಚುಕಡಿಮೆ ಎರಡು ದಿನ ಹಿಡಿಯುತ್ತದೆ. ಹತ್ತು ರಾತ್ರಿಗಿಂತ ಕಡಿಮೆ ರಜೆಗೆ ಈ ಯೋಚನೆಯೇ ಬೇಡ, ಗೋಕರ್ಣ ಸಾಕು. ಹೊರಡುವಾಗ ಹೆದ್ದಾರಿಯಲ್ಲಿ ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ನೆಲಮಂಗಲ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಲಂಡನ್ ವಿಮಾನ ಕಳೆದುಕೊಳ್ಳುವುದು ಬೇಡ.

ಬುಕಿಂಗ್ ಮಾಡುವಾಗ ಹೆಸರು ಜೋಪಾನ. ಡೊಮಿನೀಕ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ. ಮೊದಲನೆಯದರ ವಿಮಾನ ನಿಲ್ದಾಣದ ಸಂಕೇತ ಡಿ-ಒ-ಎಂ. ಗ್ರೆನೇಡಾ ಜಿ-ಎನ್-ಡಿ, ಜಿ-ಆರ್-ಎಕ್ಸ್ ಎಂದಿದ್ದರೆ ಅದು ಸ್ಪೇನಿನ ಗ್ರನಾಡಾ. ಮಾರ್ಟಿನಿಕ್, ಗ್ವಾಡೆಲೂಪ್ ಫ್ರಾನ್ಸಿನವೇ ಆದರೂ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಶೆಂಗೆನ್ ಕೂಟಕ್ಕೆ ಸೇರಿಲ್ಲ, ಯುರೋಪಿನ ವೀಸಾ ಅಲ್ಲಿಗೆ ತಾನಾಗಿ ನಡೆಯುವುದಿಲ್ಲ.

ಸರಿ, ಯಾವ ದ್ವೀಪ? ನಮ್ಮ ಮೊದಲ ಆಯ್ಕೆ ಬೆಕ್ವೇ. ಸೇಂಟ್ ವಿನ್ಸೆಂಟ್ ದೇಶಕ್ಕೆ ಸೇರಿದ, ಸುಮಾರು 18 ಚದರ ಕಿಲೋಮೀಟರಿನ, ಐದಾರು ಸಾವಿರ ಜನರ ದ್ವೀಪ. ಆರ್ಗೈಲ್ ವಿಮಾನ ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ಕಿಂಗ್ಸ್‌ಟೌನ್ ಬಂದರಿಗೆ ಬಂದು, ಫೆರಿ ಹತ್ತಿದರೆ ಒಂದು ಗಂಟೆಯಲ್ಲಿ ಪೋರ್ಟ್ ಎಲಿಜಬೆತ್. ನಡುವಿನ ಕಡಲು ಕುಲುಕುತ್ತದೆ, ವಾಂತಿ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮುಂಚೆಯೇ ನುಂಗಿರಬೇಕು. ಭಾನುವಾರ ಫೆರಿ ಕಡಿಮೆ, ಸಂಜೆಯ ಕೊನೆಯದು ತಪ್ಪಿದರೆ ಕಿಂಗ್ಸ್‌ಟೌನಿನಲ್ಲೇ ರಾತ್ರಿ. ಪಶ್ಚಿಮಕ್ಕಿರುವ ಪ್ರಿನ್ಸೆಸ್ ಮಾರ್ಗರೆಟ್ ಮತ್ತು ಲೋವರ್ ಬೇ ಕಡಲತೀರಗಳಲ್ಲಿ ನೀರು ಕೆರೆಯಂತೆ ಸುಮ್ಮನಿರುತ್ತದೆ. ಒಂದು ಮಾತು ಮುಂಚೆಯೇ ತಿಳಿದಿರಲಿ: ಇಲ್ಲಿನವರಿಗೆ ವರ್ಷಕ್ಕೆ ನಾಲ್ಕರಷ್ಟು ತಿಮಿಂಗಿಲ ಬೇಟೆಯಾಡಲು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಒಪ್ಪಿಗೆ ಇದೆ, ಬೇಟೆಯ ಕಾಲ ಫೆಬ್ರವರಿಯಿಂದ ಏಪ್ರಿಲ್. ನೋಡಲಾಗದವರು ಮೇ ತಿಂಗಳು ಆರಿಸಿ.

ಬೆಕ್ವೇಯಲ್ಲಿ ಹೊಳೆ ಇಲ್ಲ. ದುರ್ಗದ ಕೋಟೆಯ ಹೊಂಡಗಳ ಹಾಗೆ ಮಳೆನೀರು ಹಿಡಿದಿಡುವುದೇ ಉಪಾಯ. ಮನೆಮನೆಯ ಚಾವಣಿಯಿಂದ ತೊಟ್ಟಿಗೆ ಇಳಿಸಿರುತ್ತಾರೆ. ನೀವು ಹೋಗುವುದು ಬೇಸಿಗೆಯ ಕೊನೆಗೆ, ತೊಟ್ಟಿ ತಳ ಕಾಣುವ ಹೊತ್ತಿಗೆ. ಬಾಡಿಗೆ ಮನೆ ಹಿಡಿಯುವ ಮುನ್ನ ತೊಟ್ಟಿಯಲ್ಲಿ ನೀರೆಷ್ಟಿದೆ, ಖಾಲಿಯಾದರೆ ಟ್ಯಾಂಕರ್ ದುಡ್ಡು ಯಾರದು ಎಂದು ಕೇಳಿ. ದಾವಣಗೆರೆಯವರಿಗೆ ಈ ಪ್ರಶ್ನೆ ಕೇಳುವುದು ಹೇಳಿಕೊಡಬೇಕಿಲ್ಲ.

ವಯಸ್ಸಾದವರಿದ್ದು ಕೊಂಚ ಸೌಕರ್ಯ ಬೇಕೆಂದರೆ ನೀವಿಸ್. ಸೇಂಟ್ ಕಿಟ್ಸ್‌ನ ಬ್ಯಾಸ್ಟೆರ್‌ನಿಂದ ಫೆರಿಯಲ್ಲಿ ಮುಕ್ಕಾಲು ಗಂಟೆ. ನಡುವೆ 985 ಮೀಟರಿನ ಬೆಟ್ಟ, ಸುತ್ತ ಒಂದೇ ರಸ್ತೆ. ನಡೆಯುವ ಹುಮ್ಮಸ್ಸಿದ್ದವರಿಗೆ ಡೊಮಿನೀಕ: ಬಿಳಿ ಮರಳಿನ ಕಡಲತೀರಕ್ಕಾಗಿ ಅಲ್ಲ, ಅಲ್ಲಿ ಮರಳು ಬಹುಪಾಲು ಕಪ್ಪು. ಆದರೆ ಕಾಡು, ಜಲಪಾತ, ಕುದಿಯುವ ನೀರಿನ ಕೆರೆ ಇವೆ. ಆ ಕೆರೆಗೆ ಹೋಗಿ ಬರಲು ಇಡೀ ದಿನ ಬೇಕು, ಗೈಡ್ ಇಲ್ಲದೆ ಹೋಗಬಾರದು. ಸೇಬಾ ದ್ವೀಪದ ಹೆಸರು ಎಲ್ಲ ಪಟ್ಟಿಯಲ್ಲೂ ಇರುತ್ತದೆ, ಅದರ ರನ್‌ವೇ ಬರೀ 400 ಮೀಟರ್. ಶಾಂತವೇನೋ ಹೌದು, ಮಕ್ಕಳಿಗೆ ಮರಳು ಬೇಕಿದ್ದರೆ ಅಲ್ಲಿ ಕಡಲತೀರವೇ ಇಲ್ಲವೆನ್ನಬೇಕು.

ಪಕ್ಕಾ ಸಸ್ಯಾಹಾರಿಗಳಿಗೆ ಟೊಬೇಗೊ. ಟ್ರಿನಿಡಾಡ್‌ನ ಜನರಲ್ಲಿ ಮೂರರಲ್ಲೊಂದು ಪಾಲು ಭಾರತದ ಮೂಲದವರು, 1845ರಿಂದ ಹಡಗಿನಲ್ಲಿ ಹೋದವರ ಮಕ್ಕಳು-ಮೊಮ್ಮಕ್ಕಳು. ಬಾರಾ ಎಂಬ ಕರಿದ ಮೆತ್ತನೆಯ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯ ಹಾಕಿ ಕೊಡುವ ಡಬಲ್ಸ್, ಬೇಳೆ ತುಂಬಿದ ದಾಲ್‌ಪುರಿ ಬೀದಿಯಲ್ಲೇ ಸಿಗುತ್ತವೆ. ಟೊಬೇಗೊದಲ್ಲಿ ಕ್ರೌನ್ ಪಾಯಿಂಟ್ ಗದ್ದಲ. ಕಸ್ಟಾರ, ಶಾರ್ಲಟ್‌ವಿಲ್ ಕಡೆ ಉಳಿಯಿರಿ. ಏಪ್ರಿಲ್-ಮೇ ರಾತ್ರಿಗಳಲ್ಲಿ ಭಾರೀ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡಲು ದಡ ಹತ್ತುತ್ತವೆ. ಟಾರ್ಚು, ಫೋನಿನ ಫ್ಲ್ಯಾಷ್ ಹಾಕಬಾರದು.

ಆದರೆ ಟೊಬೇಗೊಗೆ ಟ್ರಿನಿಡಾಡ್ ಮೇಲೆ ಹೋದರೆ ಒಂದು ಕುತ್ತಿದೆ. ಟ್ರಿನಿಡಾಡ್ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದವರ ಬಳಿ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಹಾಕಿಸಬೇಕು, ನಮ್ಮೂರ ನರ್ಸಿಂಗ್ ಹೋಮಿನದು ನಡೆಯದು. ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನಕ್ಕೆ. ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಬೇಕು.

ಬೇರೆ ದ್ವೀಪಗಳಲ್ಲೂ ಊಟಕ್ಕೆ ತೊಂದರೆಯಿಲ್ಲ, ಕೇಳುವ ಬಗೆ ಗೊತ್ತಿರಬೇಕು ಅಷ್ಟೆ. ರಾಸ್ತಫಾರಿ ಎಂಬ ಧಾರ್ಮಿಕ ಪಂಥದವರ "ಐಟಲ್" ಅಡುಗೆ ಎಂದರೆ ಮಾಂಸವಿಲ್ಲದ್ದು, ಉಪ್ಪೂ ಕಡಿಮೆ. ಕ್ಯಾಲಲೂ ಎನ್ನುವುದು ಹೆಚ್ಚಿನ ಕಡೆ ನಮ್ಮ ಕೆಸುವಿನ ಸೊಪ್ಪೇ. ಆದರೆ ಅದಕ್ಕೆ ಏಡಿ ಅಥವಾ ಉಪ್ಪು ಹಾಕಿದ ಹಂದಿ ಬಾಲ ಸೇರಿಸುವುದುಂಟು. "ವೆಜ್ ತಾನೆ?" ಅಂದರೆ ಹೌದು ಅಂತಾರೆ, "ಒಳಗೆ ಮಾಂಸದ ತುಂಡು ಹಾಕಿ ಬೇಯಿಸಿದ್ದೀರಾ?" ಅಂತಲೇ ಕೇಳಿ. ಗೆಣಸು, ಕೆಸುವಿನ ಗಡ್ಡೆ, ಬಾಳೆಕಾಯಿ, ಸುಟ್ಟ ದೀವಿಹಲಸು ಧಾರಾಳ. ಮನೆಯಿಂದ ಒಯ್ಯುವುದಾದರೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ತಿಂಗಳು ಕೆಡುವುದಿಲ್ಲ, ಅಗಲದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಪುಡಿಯಾಗುವುದೂ ಇಲ್ಲ. ಹಸಿ ಹಣ್ಣು, ಕರಿಬೇವು, ಬೀಜ ಬೇಡ. ಎಲೆಕ್ಟ್ರಿಕ್ ಕುಕ್ಕರ್ ಸೇಂಟ್ ವಿನ್ಸೆಂಟ್, ಗ್ರೆನೇಡಾ, ಡೊಮಿನೀಕದಲ್ಲಿ ಓಡುತ್ತದೆ, ಅಲ್ಲಿ 230 ವೋಲ್ಟ್, ಬ್ರಿಟಿಷ್ ಚೌಕ ಪಿನ್ನು. ಬಾರ್ಬಡೋಸ್, ಟೊಬೇಗೊದಲ್ಲಿ 115 ವೋಲ್ಟ್, ಅನ್ನ ಬೇಯುವ ಹೊತ್ತಿಗೆ ಹಸಿವೇ ಹೋಗಿರುತ್ತದೆ.

ರೂಮು ಯಾವ ದಿಕ್ಕಿನಲ್ಲಿದೆ ನೋಡದೆ ಹಣ ಕಟ್ಟಬೇಡಿ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ತೇಲಿ ಬಂದು, ಪೂರ್ವದ ಅಟ್ಲಾಂಟಿಕ್ ದಡಕ್ಕೆ ಬಿದ್ದು, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅದು ಏರುತ್ತಿರುತ್ತದೆ. ಪೂರ್ವದ ದಡದಲ್ಲಿ ಅಲೆಯೂ ಜೋರು. ಪಶ್ಚಿಮದ ದಡವನ್ನೇ ಹಿಡಿಯಿರಿ. ಅಲ್ಲೂ ದಡದ ಮರದ ಕೆಳಗೆ ಕೂರುವ ಮುಂಚೆ ಬೊಡ್ಡೆಗೆ ಕೆಂಪು ಪಟ್ಟೆ ಇದೆಯೇ ನೋಡಿ. ಅದು ಮ್ಯಾಂಚಿನೀಲ್. ಹಸಿರು ಸೇಬಿನಂಥ ಕಾಯಿ ವಿಷ, ಮರದ ಸೊನೆ ತಗುಲಿದರೆ ಬೊಬ್ಬೆ, ಮಳೆಯಲ್ಲಿ ಅದರಡಿ ನಿಂತರೂ ಚರ್ಮ ಸುಡುತ್ತದೆ. ಮಕ್ಕಳಿಗೆ ಮೊದಲ ದಿನವೇ ತೋರಿಸಿ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರ. ಸೇಂಟ್ ವಿನ್ಸೆಂಟ್, ಗ್ರೆನೇಡಾ, ಡೊಮಿನೀಕ, ನೀವಿಸ್‌ಗಳಲ್ಲಿ ನಡೆಯುವುದು ಪೂರ್ವ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70 ಎಂದು ಕಟ್ಟಿಹಾಕಿದ್ದಾರೆ. ಟ್ಯಾಕ್ಸಿಯವರು "ನಲವತ್ತು ಡಾಲರ್" ಅಂದರೆ ಯಾವ ಡಾಲರ್ ಎಂದು ಹತ್ತುವ ಮುಂಚೆ ಕೇಳಿ. ಕೇಳುವುದಕ್ಕೂ ಮುಂಚೆ "ಗುಡ್ ಮಾರ್ನಿಂಗ್" ಅನ್ನಿ. ಅಲ್ಲಿ ನಮಸ್ಕಾರವಿಲ್ಲದೆ ಮಾತು ಶುರುಮಾಡಿದರೆ ಒರಟರು ಎಂದುಕೊಳ್ಳುತ್ತಾರೆ, ಉತ್ತರವೂ ಹಾಗೇ ಬರುತ್ತದೆ.

ಪೆಟ್ಟಿಗೆ ಮುಚ್ಚುವ ಮುನ್ನ ಮಕ್ಕಳ ಬಟ್ಟೆ ಒಮ್ಮೆ ತೆಗೆದು ನೋಡಿ. ಮಿಲಿಟರಿ ಡಿಸೈನಿನ ಪ್ಯಾಂಟು, ಟೋಪಿ, ಬ್ಯಾಗು ಇದ್ದರೆ ಮನೆಯಲ್ಲೇ ಇರಲಿ. ಬಾರ್ಬಡೋಸ್, ಸೇಂಟ್ ವಿನ್ಸೆಂಟ್, ಗ್ರೆನೇಡಾ, ಡೊಮಿನೀಕ, ಟ್ರಿನಿಡಾಡ್ ಎಲ್ಲ ಕಡೆ ಸೈನಿಕರಲ್ಲದವರು ಅದನ್ನು ತೊಡುವುದು ಕಾನೂನಿಗೆ ವಿರುದ್ಧ, ಐದು ವರ್ಷದ ಹುಡುಗನಾದರೂ ಬಿಚ್ಚಿಸುತ್ತಾರೆ.