ಬೆಳ್ಳಕ್ಕಿ ಲೆಕ್ಕ: ಎಂಟು ತಿಂಗಳಾದ ಮೇಲೆ

ಪಾಂಡವಪುರದ ಕಡೆಯ ನಮ್ಮೂರ ಕೆರೆಯಲ್ಲಿ ವಾರಕ್ಕೊಮ್ಮೆ ಬೆಳ್ಳಕ್ಕಿ ಎಣಿಸಬೇಕು, ಒಂದು ವರ್ಷ ಬಿಡದೆ ಎಣಿಸಬೇಕು ಅಂತ ಜೂನ್‌ನಲ್ಲಿ ಶುರು ಮಾಡಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಏರಿ ಮೇಲೆ ಹೋದರೆ ಎಂಟಕ್ಕೆ ವಾಪಸ್. ಕೈಯಲ್ಲಿ 8×42 ಬೈನಾಕ್ಯುಲರ್, ಒಂದು ನೋಟ್‌ಬುಕ್, ತಂಗಿಯ ಹಳೆಯ ಕ್ಯಾಮೆರಾ.

ನಮ್ಮ ಕಡೆ ಬೆಳ್ಳಗೆ, ಉದ್ದ ಕಾಲು, ಉದ್ದ ಕೊಕ್ಕು ಇದ್ದರೆ ಸಾಕು, ಅದು ಬೆಳ್ಳಕ್ಕಿ. ಚಿಕ್ಕವರಿದ್ದಾಗ ಸಂಜೆ ಸಾಲಾಗಿ ಹಾರಿ ಹೋಗುತ್ತಿದ್ದವನ್ನು ನೋಡಿ ಉಗುರು ತಿಕ್ಕಿಕೊಂಡು ಬಿಳಿ ಚುಕ್ಕೆ ಬೇಡುತ್ತಿದ್ದೆವು. ಆಗಲೂ ಅದು ಬರೀ ಬೆಳ್ಳಕ್ಕಿ. ಆ ಒಂದು ಹೆಸರಿನೊಳಗೆ ನಾಲ್ಕು ಬೇರೆ ಬೇರೆ ಹಕ್ಕಿಗಳಿವೆ: ಗೋವಕ್ಕಿ, ಸಣ್ಣ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ. ನೋಟ್‌ಬುಕ್ಕಿನಲ್ಲಿ ನಾಲ್ಕಕ್ಕೂ ಒಂದೊಂದು ಕಾಲಂ ಹಾಕಿದೆ. ಐದನೆಯದಕ್ಕೆ ‘ಬರೀ ಬೆಳ್ಳಕ್ಕಿ’ ಅಂತ ಬರೆದೆ. ಗುರುತು ಸಿಗದವು ಅಲ್ಲಿಗೆ. ಆ ಐದನೇ ಕಾಲಂ ಸುಳ್ಳು ಹೇಳದೆ ಖಾಲಿ ಆಗಬೇಕು, ಅದೇ ನನ್ನ ಗುರಿ.

ಜೂನ್, ಜುಲೈ

ಶುರು ಮಾಡಲು ಒಳ್ಳೆಯ ಕಾಲ. ಮರಿ ಮಾಡುವ ಸಮಯವಾದ್ದರಿಂದ ಗೋವಕ್ಕಿಯ ತಲೆ, ಕುತ್ತಿಗೆ, ಬೆನ್ನಿಗೆ ಕೇಸರಿ ಬಣ್ಣ ಬಂದಿರುತ್ತದೆ. ದೂರದಿಂದಲೇ ಗೊತ್ತಾಗುತ್ತದೆ. ಸಣ್ಣ ಬೆಳ್ಳಕ್ಕಿಗೆ ತಲೆಯ ಹಿಂದೆ ದಾರದಂಥ ಎರಡು ಉದ್ದ ಗರಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಜೂನ್ ಕೊನೆಯಲ್ಲಿ ರಂಗನತಿಟ್ಟಿಗೆ ಹೋಗಿ ದೋಣಿಯಿಂದ ಎರಡನ್ನೂ ಹತ್ತಿರದಲ್ಲಿ ನೋಡಿ ಬಂದೆ. ಬೆಳ್ಳಕ್ಕಿಗಳ ಇಂಥ ಗರಿಗಳನ್ನು ಟೋಪಿಗೆ ಸಿಕ್ಕಿಸಿಕೊಳ್ಳಲಿಕ್ಕೆ ನೂರು ವರ್ಷದ ಹಿಂದೆ ಹಕ್ಕಿಗಳನ್ನೇ ಕೊಲ್ಲುತ್ತಿದ್ದರು. ಇಂಗ್ಲೆಂಡಿನಲ್ಲಿ 1889ರಲ್ಲಿ ಹಕ್ಕಿಗಳನ್ನು ಉಳಿಸುವ ಸಂಘ ಹುಟ್ಟಿದ್ದೇ ಆ ವ್ಯಾಪಾರವನ್ನು ವಿರೋಧಿಸಿ. ಗಾಳಿಗೆ ಆ ಗರಿ ಆಡುವುದನ್ನು ನೋಡುತ್ತಾ ಹೊಟ್ಟೆಯಲ್ಲಿ ಸಂಕಟವಾಯಿತು.

ಆಗಸ್ಟ್

ನಾಟಿ ಸಮಯ. ಕೆರೆಗಿಂತ ಗದ್ದೆಯಲ್ಲೇ ಹಕ್ಕಿ ಜಾಸ್ತಿ. ಹಳದಿ ಪಾದ ನೋಡಿ ಗುರುತಿಸೋಣ ಅಂದುಕೊಂಡರೆ ಪಾದವೆಲ್ಲ ಕೆಸರಿನೊಳಗೆ! ಹೊರಗೆ ಬಂದರೂ ಮೆತ್ತಿದ ಕೆಸರು. ಹಾರುವವರೆಗೆ ಕಾಯಬೇಕು. ಹಾರುವಾಗ ಕಾಲು ಬಾಲದಾಚೆ ಚಾಚಿಕೊಂಡಿರುತ್ತದೆ, ಬಿಸಿಲು ಬಿದ್ದರೆ ಹಳದಿ ಕಾಣುತ್ತದೆ. ಕೆಲವು ದಿನ ಅದೂ ಇಲ್ಲ.

ಅಂಥ ಒಂದು ದಿನ ಬದುವಿನ ಮೇಲೆ ಕೂತಿದ್ದ ತಾತ ಒಬ್ಬರು ‘ಏನವ್ವ ನೋಡ್ತಿದ್ದೀಯ’ ಅಂದರು. ‘ಯಾವ ಬೆಳ್ಳಕ್ಕಿ ಅಂತ ನೋಡ್ತಿದ್ದೀನಿ ತಾತ’ ಅಂದೆ. ‘ಎಲ್ಲಾ ಬೆಳ್ಳಕ್ಕಿನೇ ಕಣವ್ವ’ ಅಂದವರು, ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದರು: ‘ಎತ್ತಿನ ಹಿಂದೆ ಬರೋದು ಬೇರೆ. ನೀರಲ್ಲಿ ಕಾಲು ಆಡ್ಸೋದು ಬೇರೆ. ಕಲ್ಲಿನಂಗೆ ನಿಂತ್ಕೊಳ್ಳೋದು ಇನ್ನೊಂದು.’

ಮೂರು ಮಾತಿನಲ್ಲಿ ಮೂರು ಹಕ್ಕಿ. ಎತ್ತಿನ ಹಿಂದೆ, ಈಗ ಟ್ರ್ಯಾಕ್ಟರ್ ಹಿಂದೆ, ಎದ್ದ ಹುಳುಗಳಿಗಾಗಿ ಓಡುವುದು ಗೋವಕ್ಕಿ. ಒಂದು ಪಾದದಿಂದ ಕೆಸರು ಕದಡಿ, ಗಾಬರಿಯಾದ ಮೀನಿಗೆ ಕುಕ್ಕುವುದು ಸಣ್ಣ ಬೆಳ್ಳಕ್ಕಿ. ಕುತ್ತಿಗೆ ಚಾಚಿ ಅಲ್ಲಾಡದೆ ಕಾಯುವುದು ಹೆಚ್ಚಾಗಿ ದೊಡ್ಡದು. ಹೆಸರು ಒಂದೇ ಆದರೂ ನೋಡುವ ಕಣ್ಣು ಒಂದೇ ಅಲ್ಲ ಅಲ್ವಾ. ಅಂದಿನಿಂದ ಹಕ್ಕಿಯ ಬಣ್ಣಕ್ಕಿಂತ ಮೊದಲು ಅದು ಏನು ಮಾಡುತ್ತಿದೆ ಅಂತ ಬರೆದುಕೊಳ್ಳುತ್ತೇನೆ.

ಅಕ್ಟೋಬರ್, ನವೆಂಬರ್

ಕಲಿತದ್ದೆಲ್ಲ ಅಲುಗಾಡಿದ ತಿಂಗಳುಗಳು. ಗೋವಕ್ಕಿಯ ಕೇಸರಿ ಬಣ್ಣ ಹೋಗಿ ಪೂರ್ತಿ ಬಿಳಿಯಾಯಿತು. ಹಳದಿ ಕೊಕ್ಕಿನ ಬಿಳಿ ಹಕ್ಕಿ ಅಂದರೆ ಈಗ ಮೂರರಲ್ಲಿ ಯಾವುದಾದರೂ ಆಗಬಹುದು. ಐದನೇ ಕಾಲಂ ಮತ್ತೆ ತುಂಬಿತು. ಒಂದು ಭಾನುವಾರ 46ರಲ್ಲಿ 19 ಅಲ್ಲಿಗೇ ಹೋದವು.

ಗೋವಕ್ಕಿಯನ್ನು ಬಿಡಿಸಿಕೊಳ್ಳಲು ಗಲ್ಲ ನೋಡುವುದು ಅಭ್ಯಾಸವಾಯಿತು. ಕೊಕ್ಕಿನ ಕೆಳಗೆ ಗರಿ ಮುಂದಕ್ಕೆ ತುಂಬಿಕೊಂಡು ಗಲ್ಲ ಉಬ್ಬಿದಂತೆ ಕಾಣುತ್ತದೆ. ಕೊಕ್ಕು ಮೋಟು, ಕುತ್ತಿಗೆ ದಪ್ಪ, ನಡೆಯುವಾಗ ತಲೆ ಆಡಿಸುತ್ತದೆ. ಮಧ್ಯಮ ಬೆಳ್ಳಕ್ಕಿಯ ಕುತ್ತಿಗೆ ಸಣ್ಣಗೆ, ಉದ್ದಕ್ಕೆ. ಈ ಕಾಲದಲ್ಲಿ ಅದರ ಹಳದಿ ಕೊಕ್ಕಿನ ತುದಿ ಸಾಮಾನ್ಯವಾಗಿ ಕಪ್ಪಾಗಿರುತ್ತದೆ.

ಡಿಸೆಂಬರ್

ಮಧ್ಯಮವೋ ದೊಡ್ಡದೋ ಎಂಬ ಪ್ರಶ್ನೆಗೆ ಇಡೀ ತಿಂಗಳು ಕೊಟ್ಟೆ. ಗಾತ್ರ ನೋಡಿದರಾಯಿತು ಅನ್ನುತ್ತಾರೆ. ಪಕ್ಕದಲ್ಲಿ ಇನ್ನೊಂದು ಹಕ್ಕಿ ಇದ್ದರೆ ಸರಿ. ಒಂಟಿಯಾಗಿ ನಿಂತ ಬಿಳಿ ಹಕ್ಕಿಗೆ ಅಳತೆ ಎಲ್ಲಿಂದ ತರುವುದು?

ಕೊನೆಗೆ ಕೈ ಹಿಡಿದದ್ದು ಬಾಯಿಯ ಗೆರೆ. ಕೊಕ್ಕಿನ ಸೀಳು ಮುಖದ ಮೇಲೆ ಎಲ್ಲಿ ಮುಗಿಯುತ್ತದೆ ನೋಡಬೇಕು. ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಬೈನಾಕ್ಯುಲರ್‌ಗೆ ಇದು ಕಷ್ಟ, ಅದಕ್ಕೇ ಫೋಟೊ ಬೇಕು. ದೊಡ್ಡದರ ಕುತ್ತಿಗೆ ನಡುವೆ ಮುರಿದಂತೆ ಬಾಗಿರುತ್ತದೆ, ಆದರೆ ಕುತ್ತಿಗೆ ಮಡಚಿಕೊಂಡು ಕೂತರೆ ಅದು ಕಾಣದು.

ಈ ಗೆರೆ ಗೊತ್ತಾದ ಮೇಲೆ ಹಳೆಯ ಫೋಟೊಗಳನ್ನೆಲ್ಲ ಮತ್ತೆ ತೆರೆದೆ. ಸೆಪ್ಟೆಂಬರ್‌ನಲ್ಲಿ ದೊಡ್ಡ ಬೆಳ್ಳಕ್ಕಿ ಅಂತ ಬರೆದ ಮೂರರಲ್ಲಿ ಎರಡು ಮಧ್ಯಮ. ಜುಲೈಯಲ್ಲಿ ಕಪ್ಪು ಕೊಕ್ಕು ನೋಡಿ ಸಣ್ಣ ಬೆಳ್ಳಕ್ಕಿ ಅಂತ ಬರೆದದ್ದೊಂದು ದೊಡ್ಡದು! ಮರಿ ಮಾಡುವ ಕಾಲದಲ್ಲಿ ದೊಡ್ಡದರ ಹಳದಿ ಕೊಕ್ಕೂ ಕಪ್ಪಾಗುತ್ತದೆ, ಮಧ್ಯಮದ್ದೂ ಹಾಗೆಯೇ. ಫೋಟೊದಲ್ಲಿ ಪಾದ ಕಪ್ಪಗಿತ್ತು, ಗೆರೆ ಕಣ್ಣು ದಾಟಿತ್ತು. ಎರಡೂ ಸಾಕ್ಷಿ ನನ್ನ ಹತ್ತಿರವೇ ಇದ್ದವು, ನಾನು ನೋಡಿರಲಿಲ್ಲ. ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಇಬರ್ಡ್ ಜಾಲತಾಣದಲ್ಲಿ ಹಾಕಿದ್ದ 11 ಪಟ್ಟಿ ತಿದ್ದಿದೆ. ಫೋಟೊ ಇಲ್ಲದವನ್ನು ಬಿಳಿ ಈಗ್ರೆಟ್ (ಇಂಗ್ಲಿಷಿನಲ್ಲಿ ಬೆಳ್ಳಕ್ಕಿಗೆ ಈಗ್ರೆಟ್) ಅಂತಷ್ಟೇ ಬದಲಾಯಿಸಿದೆ, ಅದಕ್ಕೂ ಅಲ್ಲಿ ಜಾಗವಿದೆ. ಅಂದ ಹಾಗೆ, ಅಲ್ಲಿ ಮಧ್ಯಮವನ್ನು ಹುಡುಕುವವರು ಇಂಟರ್ಮೀಡಿಯೆಟ್ ಅಂತಲ್ಲ, ಮೀಡಿಯಂ ಈಗ್ರೆಟ್ ಅಂತ ಹುಡುಕಿ. ಗೋವಕ್ಕಿ ಈಗ ಈಸ್ಟರ್ನ್ ಕ್ಯಾಟಲ್ ಈಗ್ರೆಟ್.

ಜನವರಿ

ಸಂಜೆಯೂ ಎಣಿಸಲು ಹೋದೆ. ಕತ್ತಲಾಗುವ ಹೊತ್ತಿಗೆ ಐದನೆಯ ಹಕ್ಕಿಯೊಂದು ಬೆಳ್ಳಕ್ಕಿ ಲೆಕ್ಕದೊಳಗೆ ನುಸುಳುತ್ತಿದೆ ಅಂತ ಗೊತ್ತಾಯಿತು: ಕೊಳದ ಬಕ. ಕೂತಾಗ ಮಣ್ಣಿನ ಬಣ್ಣ, ದಡದಲ್ಲಿದ್ದರೂ ಕಾಣುವುದಿಲ್ಲ. ರೆಕ್ಕೆ ಬಿಚ್ಚಿದರೆ ಅಚ್ಚ ಬಿಳಿ. ಬೆನ್ನು ಕಂದು ಇದೆಯಾ ಅಂತ ನೋಡದೆ ಹಾರುವ ಹಕ್ಕಿಯನ್ನು ಇನ್ನು ಎಣಿಸುವುದಿಲ್ಲ.

ಕಳೆದ ನಾಲ್ಕು ಭಾನುವಾರ ಐದನೇ ಕಾಲಂನಲ್ಲಿ 6, 4, 7, 3. ಮಾರ್ಚ್‌ನಿಂದ ಪ್ರತಿ ವಾರ ಕೊಕ್ಕಿನ ಬಣ್ಣವನ್ನೂ ಬೇರೆಯಾಗಿ ಬರೆಯುತ್ತೇನೆ. ಯಾವುದರ ಕೊಕ್ಕು ಮೊದಲು ಕಪ್ಪಾಗುತ್ತದೆ ಅಂತ ನಮ್ಮ ಕೆರೆಯಲ್ಲೇ ನೋಡಬೇಕು. ಈ ಭಾನುವಾರ ತೂಬಿನ ಹತ್ತಿರ ಒಂದು ಒಂಟಿಯಾಗಿ ನಿಂತಿತ್ತು. ಇಪ್ಪತ್ತು ನಿಮಿಷ ಕಾದೆ. ಮುಖ ಈ ಕಡೆ ತಿರುಗಿಸಿತು. ಗೆರೆ ಕಣ್ಣಿನ ಕೆಳಗೇ ನಿಂತಿತ್ತು, ಕೊಕ್ಕಿನ ತುದಿ ಕಪ್ಪು. ಮೂರನೇ ಕಾಲಂನಲ್ಲಿ 1 ಅಂತ ಬರೆದೆ.