ವ್ಯಾಯಾಮದ ನೋಟ್‌ಬುಕ್: ಹನ್ನೊಂದನೆಯ ವಾರ

ಇದಕ್ಕೆ ಮುಂಚಿನ ಎರಡು ನೋಟ್‌ಬುಕ್ಕುಗಳನ್ನು ನಾನಿನ್ನೂ ಎಸೆದಿಲ್ಲ. ಎರಡರಲ್ಲೂ ಮೊದಲ ಮೂರು ವಾರ ಒತ್ತೊತ್ತಾಗಿ ಬರೆದಿದೆ, ಆಮೇಲೆ ಬರೀ ಖಾಲಿ ಹಾಳೆ. ಸೋಮವಾರ ಕಾಲು, ಬುಧವಾರ ಎದೆ-ತೋಳು, ಶುಕ್ರವಾರ ಓಟ ಎಂದು ಕಟ್ಟುನಿಟ್ಟಾಗಿ ಗೆರೆ ಎಳೆದಿದ್ದೆ. ಒಂದು ಬುಧವಾರ ತಪ್ಪಿದರೆ ಇಡೀ ವಾರವೇ ಕೆಟ್ಟಿತೆನಿಸಿ, ಮುಂದಿನ ಸೋಮವಾರದಿಂದ ಹೊಸದಾಗಿ ಶುರು ಮಾಡೋಣ ಎಂದುಕೊಳ್ಳುತ್ತಿದ್ದೆ. ಆ ಸೋಮವಾರ ಬರುತ್ತಲೇ ಇರಲಿಲ್ಲ.

ಈ ಸಲ ಪುಟದಿಂದ ದಿನಗಳ ಹೆಸರನ್ನೇ ತೆಗೆದುಹಾಕಿದೆ. ಏಳು ದಿನಗಳೊಳಗೆ ದಂಡ, ಬಸ್ಕಿ, ಡಂಬೆಲ್ಲಿನ ವ್ಯಾಯಾಮ ಎರಡು ಸಲ. ಬಿರುಸಿನ ನಡಿಗೆ ಒಟ್ಟು 150 ನಿಮಿಷ. ಯಾವತ್ತು, ಎಷ್ಟೆಷ್ಟು ಎಂಬುದನ್ನು ಆಯಾ ದಿನಕ್ಕೇ ಬಿಟ್ಟಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಕನಿಷ್ಠ ಎರಡು ದಿನ. ಹಿಂದೆ ಒಂದೊಂದು ಕಂತೂ 10 ನಿಮಿಷಕ್ಕೆ ಕಡಿಮೆ ಇರಬಾರದು ಎಂಬ ಮಾತಿತ್ತು; 2020ರಲ್ಲಿ ಅದನ್ನು ಕೈಬಿಟ್ಟರು. ಅದನ್ನು ಓದಿದ ಮೇಲೆ ಏಳು ನಿಮಿಷದ ನಡಿಗೆಯನ್ನೂ ಧೈರ್ಯವಾಗಿ ಬರೆಯತೊಡಗಿದೆ. ಬಿರುಸು ಸಾಕೇ ಎಂದು ತಿಳಿಯಲು ಗಡಿಯಾರ ಬೇಕಿಲ್ಲ. ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು.

ಮೊದಲ ಮೂರು ವಾರ ವಿಶೇಷವೇನಿಲ್ಲ. 160, 155, 148 ನಿಮಿಷ.

ನಾಲ್ಕನೆಯ ವಾರ ಡಂಬೆಲ್ ವ್ಯಾಯಾಮಕ್ಕೆ ಮೂರು ಅಳತೆ ಮಾಡಿಕೊಂಡೆ. ದೊಡ್ಡದಕ್ಕೆ 45 ನಿಮಿಷ, ನಡುವಿನದಕ್ಕೆ 25, ಚಿಕ್ಕದಕ್ಕೆ 10. ಯಾವುದೆಂದು ಮೊದಲೇ ನಿರ್ಧರಿಸುವುದಿಲ್ಲ. ಮೈ ಬಿಸಿಯಾದ ಮೇಲೆ ನಿರ್ಧರಿಸುತ್ತೇನೆ. ಕುಳಿತಲ್ಲೇ ‘ಇವತ್ತು ಆಗುವುದಿಲ್ಲ’ ಎನಿಸಿದ ಎಷ್ಟೋ ದಿನ ಹತ್ತು ನಿಧಾನ ಬಸ್ಕಿಗಳಾದ ಮೇಲೆ ಮೈ ಬೇರೆಯದೇ ಮಾತು ಹೇಳಿದೆ.

ಆರನೆಯ ವಾರದ ಒಂದು ಸಂಜೆ ಇದಕ್ಕೆ ತಿರುಗುಮುರುಗಾಯಿತು. ಹಿಂದಿನ ರಾತ್ರಿ ನಿದ್ದೆ ನಾಲ್ಕೇ ಗಂಟೆ. ಉತ್ಸಾಹವೇನೋ ಇತ್ತು, ಆದರೆ ನಾಲ್ಕನೆಯ ಬಸ್ಕಿಗೇ ತೊಡೆಗಳು ನೀರು ಕುಡಿದ ಮರಳಿನ ಚೀಲದಂತಾದವು. ಮೊದಲ ಸೆಟ್ಟಿನಲ್ಲಿ ಎಂಟನೆಯ ಸಲ ಡಂಬೆಲ್ ಎತ್ತುವಾಗ ತೋಳು ನಡುವೆಯೇ ಒಂದು ಕ್ಷಣ ನಿಂತು ಮೇಲೇರಿತು. ಇನ್ನೆರಡು ಸಲ ಎತ್ತಬಹುದಿತ್ತು. ಎತ್ತದೆ ಕೆಳಗಿಟ್ಟು, ‘8, ಉಳಿದದ್ದು 2, ಚಿಕ್ಕದು’ ಎಂದು ಬರೆದು ಮುಗಿಸಿದೆ. ಮೂರು ದಿನ ಬಿಟ್ಟು ಅದೇ ತೂಕವನ್ನು 12 ಸಲ ಎತ್ತಿದೆ. ‘ಉಳಿದದ್ದು ಎಷ್ಟು’ ಎಂಬ ಕಾಲಂ ಈಗ ಪ್ರತಿ ಸಾಲಿನಲ್ಲೂ ಇದೆ. ತೂಕದ ಅಂಕಿಗಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ.

ಎಂಟನೆಯ ವಾರ ಜ್ವರ. ಪುಟದ ತುಂಬ ಒಂದೇ ಸೊನ್ನೆ. ಹಳೆಯ ನೋಟ್‌ಬುಕ್ಕುಗಳು ನಿಂತುಹೋದದ್ದು ಇಂಥ ಜಾಗದಲ್ಲೇ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಆಗ ನೆನಪಾಯಿತು. ಅಭ್ಯಾಸವೊಂದು ಮೈಗೂಡಲು ಹಿಡಿದ ಕಾಲ 18ರಿಂದ 254 ದಿನಗಳವರೆಗೂ ಹರಡಿತ್ತು, ನಡುವಿನ ಲೆಕ್ಕ 66 ದಿನ. ನಡುವೆ ಒಂದು ಅವಕಾಶ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನನ್ನದು ಒಂದು ದಿನವಲ್ಲ, ಇಡೀ ವಾರ, ನಿಜ. ಆದರೂ ಸೊನ್ನೆಯ ಪಕ್ಕದ ಪುಟದಲ್ಲಿ 9 ಎಂದು ಬರೆದೆ, ಮತ್ತೆ 1 ಎಂದು ಬರೆಯಲಿಲ್ಲ. ತೂಕ ಇಳಿಸಿ, ಆ ವಾರವೆಲ್ಲ ಚಿಕ್ಕದನ್ನೇ ಮಾಡಿದೆ.

ಪುಟಗಳನ್ನು ಹಿಂದೆ ತಿರುಗಿಸಿದಾಗ ಕಂಡದ್ದು ಬೇಸರ ತಂದಿತು. ಒಂಟಿಗಾಲ ಬಸ್ಕಿ ಐದನೆಯ ವಾರದ ನಂತರ ಎಲ್ಲೂ ಇಲ್ಲ. ಅದು ನನಗೆ ಕಷ್ಟ, ಎಡಮಂಡಿ ಒಳಕ್ಕೆ ವಾಲುತ್ತದೆ. ನಾಳೆ, ನಾಳಿದ್ದು ಎಂದು ಸರಿಸುತ್ತ ಹೋಗಿದ್ದೇನೆ. ಸಡಿಲಿಕೆಯ ಹೆಸರಿನಲ್ಲಿ ಬೇಡದ್ದನ್ನು ಬಿಟ್ಟಿದ್ದೇನೆ. ಈಗ ಒಂದು ಕಟ್ಟಳೆ: ಎರಡು ಸಲ ಮುಂದೂಡಿದ್ದು ಮೂರನೆಯ ಸಲ ಮೊದಲಿಗೆ ಬರಬೇಕು, ಚಿಕ್ಕ ದಿನವಾದರೂ ಸರಿ.

ಹತ್ತನೆಯ ವಾರ ಓಟಕ್ಕೆ ಮರಳಿದೆ, ಆದರೆ ಫಾರ್ಟ್‌ಲೆಕ್ ರೀತಿಯಲ್ಲಿ. ಸ್ವೀಡನ್ನಿನ ತರಬೇತುದಾರ ಯೋಸ್ತಾ ಹೋಲ್ಮೇರ್ 1930ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಸ್ವೀಡಿಷ್‌ನಲ್ಲಿ ‘ವೇಗದ ಆಟ’ ಎಂದರ್ಥ. ಆ ಮರದವರೆಗೆ ಜೋರಾಗಿ, ಉಸಿರು ಹತೋಟಿಗೆ ಬರುವವರೆಗೆ ನಿಧಾನ, ಮತ್ತೆ ಆ ತಿರುವಿನವರೆಗೆ ಜೋರಾಗಿ. 20 ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ಶುಕ್ರವಾರದ ಓಟವೆಂದರೆ ಹೊಟ್ಟೆ ಹಿಂಡಿದಂತಾಗುತ್ತಿದ್ದ ನಾನು ಅದೇ ವಾರ ಇನ್ನೊಮ್ಮೆ ಓಡಿದೆ.

ಈ ವಾರ: ನಡಿಗೆ, ಓಟ ಸೇರಿ 171 ನಿಮಿಷ. ಡಂಬೆಲ್ ವ್ಯಾಯಾಮ ನಡುವಿನದೊಂದು, ಚಿಕ್ಕದೊಂದು. ಒಂಟಿಗಾಲ ಬಸ್ಕಿ ಗೋಡೆ ಹಿಡಿದು ಎಡಕ್ಕೆ 5, ಬಲಕ್ಕೆ 7. ಮುಂದಿನ ವಾರ ಎಡಗಾಲಿನಿಂದ ಶುರು.