ಹಳೇ ಬಂಕಿನ ಗುಂಡಿ, ಮತ್ತೆ ನೀರು ಬಂದ ಬಾವಿ

ಜನವರಿ 18

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಅರ್ಧ ಎಕರೆ ಜಾಗವಿದೆ. 1988ರಿಂದ ಅಲ್ಲಿ ಚಿಕ್ಕಪ್ಪ ಸಣ್ಣ ಪೆಟ್ರೋಲ್ ಬಂಕ್ ನಡೆಸುತ್ತಿದ್ದರು. ಮುಚ್ಚಿ ಹತ್ತು ವರ್ಷದ ಮೇಲಾಯಿತು. ನೆಲದೊಳಗಿದ್ದ ಎರಡು ಟ್ಯಾಂಕುಗಳನ್ನು ಹೋದ ತಿಂಗಳು ಗ್ಯಾಸ್ ತೆಗೆಸಿ ಮೇಲೆತ್ತಿಸಿದೆವು. ಒಂದು ಪೆಟ್ರೋಲಿನದು, ಒಂದು ಡೀಸೆಲಿನದು. ಗುಂಡಿ ಮುಚ್ಚಿಸಿಬಿಡು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಾನು ತಡೆದಿದ್ದೇನೆ.

ಕಾರಣ ಬಾವಿ. ಗುಂಡಿಯಿಂದ ಎಪ್ಪತ್ತು ಅಡಿ ದೂರದಲ್ಲಿ, ಇಳಿಜಾರಿನ ಕಡೆಗೆ, ಅಜ್ಜನ ಕಾಲದ ತೆರೆದ ಬಾವಿ ಇದೆ. ನಾನು ಚಿಕ್ಕವಳಿದ್ದಾಗಿಂದ ಅದು ಒಣಗಿಯೇ ಇತ್ತು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ನೀರು, ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ನಮ್ಮ ಕೆರೆ ತುಂಬಿದ ಮೇಲೆ ಬಾವಿಯಲ್ಲೂ ಜಲ ಬಂತು. ಇವತ್ತು ಹಗ್ಗ ಇಳಿಸಿ ಅಳೆದೆ. ಮೇಲಿನಿಂದ 24 ಅಡಿ ಕೆಳಗೆ ನೀರಿದೆ.

ಒಣಗಿದ ನೆಲದಲ್ಲಿ ಸೋರಿದ ಪೆಟ್ರೋಲ್ ಮಣ್ಣಿಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಇದ್ದುಬಿಡಬಹುದು. ಕೆಳಗಿನಿಂದ ನೀರು ಏರಿ ಅದನ್ನು ಮುಟ್ಟಿದಾಗ ಅದರಲ್ಲಿರುವ ಬೆಂಜೀನ್ ನೀರಿಗೆ ಇಳಿಯುತ್ತದೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಒಂದು ಲೀಟರ್ ಕುಡಿಯುವ ನೀರಿನಲ್ಲಿ 10 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದೇ ಒಂದು ಗ್ರಾಂ, ಒಂದು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ನೀರು ಬಂತೆಂದು ಊರಿನವರು ಆಗಲೇ ಬಿಂದಿಗೆ ಹಿಡಿದು ಬರುತ್ತಿದ್ದರು. ಸದ್ಯಕ್ಕೆ ಬೇಡ ಎಂದು ಕೈಮುಗಿದು ಕೇಳಿಕೊಂಡಿದ್ದೇನೆ.

ಜನವರಿ 26

ಟ್ಯಾಂಕುಗಳನ್ನು ತೊಳೆದು ನೋಡಿದೆವು. ಪೆಟ್ರೋಲ್ ಟ್ಯಾಂಕಿನ ಮೇಲೆ ಹಚ್ಚಿದ್ದ ಟಾರು ಇನ್ನೂ ಗಟ್ಟಿಯಾಗಿದೆ, ಎಲ್ಲೂ ತೂತಿಲ್ಲ. ಡೀಸೆಲ್ ಟ್ಯಾಂಕಿನ ತಳದಲ್ಲಿ ಮಾತ್ರ ಕಡಲೆಕಾಳಿನಷ್ಟು ತೂತು. ಅದೂ ಸರಿಯಾಗಿ ಡಿಪ್ ರಾಡ್ ಇಳಿಸುವ ಪೈಪಿನ ಕೆಳಗೆ. ದಿನಾ ಬೆಳಗ್ಗೆ ಎಷ್ಟು ಉಳಿದಿದೆ ಎಂದು ನೋಡಲು ಕೋಲು ಬಿಟ್ಟರೆ ಅದು ಒಂದೇ ಜಾಗಕ್ಕೆ ಬಡಿಯುತ್ತದೆ. ತಗಡು ಅಲ್ಲಿ ಸವೆಯುತ್ತದೆ, ತುಕ್ಕು ಅಲ್ಲೇ ಹಿಡಿಯುತ್ತದೆ. ಇದಕ್ಕೇ ಆ ಜಾಗದಲ್ಲಿ ಇನ್ನೊಂದು ದಪ್ಪ ತಗಡು ಕೂರಿಸುತ್ತಾರೆ. ನಮ್ಮದರಲ್ಲಿ ಇರಲಿಲ್ಲ.

ಚಿಕ್ಕಪ್ಪ ತುಂಬಾ ಹೊತ್ತು ಆ ತೂತಿಗೆ ಬೆರಳಿಟ್ಟು ಕೂತಿದ್ದರು. "ದಿನಾ ನಾನೇ ಕೋಲು ಬಿಡ್ತಿದ್ದೆ ಕಣಮ್ಮ" ಎಂದರು. ಅವರಿಗೆ ಗೊತ್ತಿರಲಿಲ್ಲ. ಆಗ ಯಾರಿಗೆ ಗೊತ್ತಿತ್ತು?

ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ತೆಳು ಪದರ ಕಂಡು ನನ್ನ ಎದೆ ಧಸಕ್ ಎಂದಿತ್ತು. ಒಂದು ಬಕೆಟ್ ಸೇದಿ ಕಡ್ಡಿಯಿಂದ ಕದಡಿದೆ. ಪದರ ಚೂರುಚೂರಾಗಿ ಒಡೆದು ಹಾಗೇ ನಿಂತಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಹೀಗೆ ಒಡೆಯುವುದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪದರ. ಆದರೂ ಇಷ್ಟನ್ನೇ ನಂಬುವ ಹಾಗಿಲ್ಲ. ನೀರಿನಲ್ಲಿ ಕರಗಿದ ಬೆಂಜೀನ್ ಕಣ್ಣಿಗೆ ಕಾಣುವುದಿಲ್ಲ.

ಫೆಬ್ರವರಿ 9

ಮಣ್ಣು ತೆಗೆದೆವು. ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಜೆಸಿಬಿಯ ಬಕೆಟ್ಟಿನಲ್ಲಿ ಮೇಲೆ ತಂದ ಮಣ್ಣಿನ ನಡುವಿನಿಂದ ತೆಗೆದುಕೊಂಡೆ. ಎರಡೂ ಟ್ಯಾಂಕುಗಳ ಕೆಳಗೆ, ಪೈಪು ಹೋದ ದಾರಿಯಲ್ಲಿ, ಪಂಪು ನಿಂತಿದ್ದ ಕಡೆ, ಲಾರಿಯಿಂದ ಪೆಟ್ರೋಲ್ ಇಳಿಸುತ್ತಿದ್ದ ಬಾಯಿಯ ಹತ್ತಿರ. ಇನ್ನೊಂದು, ದೂರದ ಹುಣಸೆ ಮರದ ಬುಡದಿಂದ. ಇದು ಹೋಲಿಸಿ ನೋಡಲು.

ಮೊದಲ ಸಲ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದ್ದೆ, ಅದು ತಪ್ಪು. ಆವಿ ಹಾರಿಹೋಗಿ ಮಣ್ಣು ಶುದ್ಧವಿದೆ ಎಂದೇ ವರದಿ ಬಂದುಬಿಡುತ್ತದೆ. ಅದನ್ನೆಲ್ಲ ಬಿಟ್ಟು ಮತ್ತೆ ತೆಗೆದೆ. ಗಾಜಿನ ಬಾಟಲಿಯಲ್ಲಿ ಬಾಯಿಮಟ್ಟ ಒತ್ತಿ ತುಂಬಿ, ಥರ್ಮಾಕೋಲ್ ಡಬ್ಬದಲ್ಲಿ ಐಸ್ ಹಾಕಿ, ಅದೇ ದಿನ ಬೆಂಗಳೂರಿನ ಲ್ಯಾಬಿಗೆ ಕೊಟ್ಟು ಬಂದೆ. ಬಾವಿ ನೀರನ್ನೂ ಕೊಟ್ಟೆ. ಸೀಸವನ್ನೂ ನೋಡಿ ಎಂದೆ. ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ನಮ್ಮ ಬಂಕ್ ಹನ್ನೆರಡು ವರ್ಷ ನಡೆದಿದೆ.

ಮಾರ್ಚ್ 2

ವರದಿ ಬಂತು. ಬಾವಿ ನೀರಿನಲ್ಲಿ ಬೆಂಜೀನ್ ಸಿಕ್ಕಿಲ್ಲ. ಎರಡು ಸಲ ಓದಿದೆ.

ಮಣ್ಣು ಹಾಗಿಲ್ಲ. ತೂತು ಬಿದ್ದ ಟ್ಯಾಂಕಿನ ಕೆಳಗೆ ಡೀಸೆಲ್ ಇದೆ, ಅದು ನಿರೀಕ್ಷಿಸಿದ್ದೇ. ಪೆಟ್ರೋಲ್ ಜಾಸ್ತಿ ಇರುವುದು ಲಾರಿ ಇಳಿಸುತ್ತಿದ್ದ ಬಾಯಿಯ ಹತ್ತಿರ, ಸೀಸವೂ ಅಲ್ಲೇ. ಟ್ಯಾಂಕ್ ಗಟ್ಟಿಯಿದ್ದರೂ ಪ್ರತಿ ಲೋಡಿಗೂ ಹೋಸ್ ಬಿಚ್ಚುವಾಗ ಚೂರು ಚೆಲ್ಲಿದ್ದು ಅಷ್ಟು ವರ್ಷ ಸೇರಿದೆ. ಅತಿ ಆಳದ ಮಾದರಿ 15 ಅಡಿಯದು, ಅದರಲ್ಲೂ ಡೀಸೆಲ್ ಸಿಕ್ಕಿದೆ. ಅದರ ಕೆಳಗೆ ಗರಸು, ಆಮೇಲೆ ಬಂಡೆ. ನಮ್ಮ ಬಂಡೆಯಲ್ಲಿ ನೀರು ಬಿರುಕು ಹಿಡಿದು ಓಡುತ್ತದೆ, ಹಾಗಾಗಿ ಎಪ್ಪತ್ತು ಅಡಿ ದೂರ ಎನ್ನುವುದು ಧೈರ್ಯ ಕೊಡುವ ಮಾತಲ್ಲ.

ಮುಂಗಾರಿಗೆ ಮುಂಚೆ ಆ ಮಣ್ಣನ್ನು ಹೊರಗೆ ತೆಗೆಯಬೇಕು. ಡೀಸೆಲ್ ಮಣ್ಣನ್ನು ಟಾರ್ಪಾಲಿನ ಮೇಲೆ ಒಂದಡಿ ದಪ್ಪಕ್ಕೆ ಹರಡಿ, ಮಳೆ ಬೀಳದ ಹಾಗೆ ಮೇಲೊಂದು ಚಪ್ಪರ ಹಾಕಿ, ತೇವ ಇಟ್ಟು, ಸ್ವಲ್ಪ ಯೂರಿಯಾ ಬೆರೆಸಿ, ವಾರಕ್ಕೊಮ್ಮೆ ತಿರುವುತ್ತೇನೆ. ಗಾಳಿ ಸಿಕ್ಕರೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನಿಧಾನಕ್ಕೆ ತಿಂದು ಹಾಕುತ್ತವೆ. ಸೀಸವನ್ನು ಅವು ತಿನ್ನಲಾರವು. ಆ ಮಣ್ಣನ್ನು ಬೇರೆಯೇ ಮುಚ್ಚಿಡುತ್ತೇನೆ. ಅದನ್ನು ಎಲ್ಲಿಗೆ ಕಳಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದಿದ್ದೇನೆ.

ಗುರುವಾರ ಜೆಸಿಬಿ ಬರುತ್ತದೆ. ಚಿಕ್ಕಪ್ಪ ತಾವೇ ನಿಂತು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಸಂಜೆ ಹಗ್ಗ ಇಳಿಸಿದೆ. ನೀರು 23 ಅಡಿಗೆ ಬಂದಿದೆ.